ಹಾಟ್ ಟಬ್ಬಿನ ಚೌಕಾಸಿ: ಅಸಲು ಎಷ್ಟು, ಕೊಸರು ಎಲ್ಲಿ

ಹಾಟ್ ಟಬ್ ಎಂದರೆ ನಾಲ್ಕರಿಂದ ಏಳು ಮಂದಿ ಕುತ್ತಿಗೆಮಟ್ಟ ಬಿಸಿನೀರಿನಲ್ಲಿ ಕೂರಬಹುದಾದ ತೊಟ್ಟಿ. ಅಕ್ರಿಲಿಕ್ ಹಾಳೆಯನ್ನು ಕಾಯಿಸಿ ಅಚ್ಚಿಗೆ ಇಳಿಸಿ ಮಾಡಿದ ಒಡಲು, ಅದರ ಅಡಿಯಲ್ಲಿ ಪಂಪು, ಹೀಟರು, ಕೊಳವೆಗಳ ಜಾಲ, ಒಳಗೋಡೆಯಲ್ಲಿ ನೀರನ್ನು ರಭಸವಾಗಿ ಚಿಮ್ಮಿಸುವ ಜೆಟ್ಟುಗಳು, ಮೇಲೆ ದಪ್ಪ ಫೋಮಿನ ಮುಚ್ಚಳ. ಅಮೆರಿಕ, ಕೆನಡಾಗಳ ಹಿತ್ತಲುಗಳಲ್ಲಿ ಇದು ಸಾಮಾನ್ಯ ನೋಟ. ಮಲೆನಾಡಿನ ಬಚ್ಚಲ ಹಂಡೆಯನ್ನು ನೆನೆದು ಇದನ್ನೂ ಸ್ನಾನದ ಸಾಧನ ಎಂದುಕೊಂಡರೆ ತಪ್ಪಾಗುತ್ತದೆ. ಹಂಡೆಯ ನೀರನ್ನು ಮೈಮೇಲೆ ಹೊಯ್ದುಕೊಂಡರೆ ಮುಗಿಯಿತು. ಟಬ್ಬಿನ ನೀರು ಮೂರು-ನಾಲ್ಕು ತಿಂಗಳು ಅದರಲ್ಲೇ ಇರುತ್ತದೆ. ಕ್ಲೋರಿನ್ ಅಥವಾ ಬ್ರೋಮಿನ್ ಹಾಕಿ ಅದನ್ನು ಶುದ್ಧವಾಗಿ ಇಟ್ಟುಕೊಳ್ಳಬೇಕು, ಸೋಪು-ಎಣ್ಣೆ ತಾಗಿಸುವಂತಿಲ್ಲ, ಮೈ ತೊಳೆದುಕೊಂಡೇ ಇಳಿಯಬೇಕು. ನೀರು ಹಗಲೂ ರಾತ್ರಿ ಬೆಚ್ಚಗೇ ಇರುತ್ತದೆ. ಶಾಖದ ಮೇಲ್ಮಿತಿ 104 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 40 ಡಿಗ್ರಿ ಸೆಲ್ಸಿಯಸ್.

ಇಂಥ ತೊಟ್ಟಿಗೆ ನ್ಯಾಯವಾದ ಬೆಲೆ ಎಷ್ಟು ಎಂಬುದು ಕೊಳ್ಳುವವರಿಗೆ ಸುಲಭವಾಗಿ ಗೊತ್ತಾಗುವುದಿಲ್ಲ. ಗಾಳಿ ತುಂಬಿ ಉಬ್ಬಿಸುವ ಮಾದರಿ ಕೆಲವು ನೂರು ಡಾಲರಿಗೆ ಸಿಗುತ್ತದೆ. ಗೋಡೆಯ ಮಾಮೂಲಿ ಪ್ಲಗ್ಗಿಗೆ ಸಿಕ್ಕಿಸುವ ಗಟ್ಟಿ ಒಡಲಿನ ಟಬ್ಬಿಗೆ ಸುಮಾರು 3,000ದಿಂದ 6,000 ಡಾಲರ್, ಮಧ್ಯಮ ದರ್ಜೆಯದಕ್ಕೆ 8,000ದಿಂದ 12,000, ಹೆಸರಾಂತ ಕಂಪನಿಗಳ ದೊಡ್ಡ ಮಾದರಿಗೆ 15,000ಕ್ಕೂ ಮೇಲೆ. ಆದರೆ ಒಂದೇ ಮಾದರಿಗೆ ಒಬ್ಬ ಗಿರಾಕಿ ಕೊಟ್ಟ ಹಣಕ್ಕೂ ಅವನ ನೆರೆಯವನು ಕೊಟ್ಟ ಹಣಕ್ಕೂ ಸಾವಿರಾರು ಡಾಲರ್ ವ್ಯತ್ಯಾಸ ಇರಬಹುದು. ಅನೇಕ ಡೀಲರುಗಳ ಜಾಲತಾಣದಲ್ಲಿ ಬೆಲೆ ಇರಬೇಕಾದ ಜಾಗದಲ್ಲಿ ‘ದರಕ್ಕಾಗಿ ಕರೆ ಮಾಡಿ’ ಎಂದಷ್ಟೇ ಇರುತ್ತದೆ. ಚಿನ್ನದಂಗಡಿಯಲ್ಲಾದರೆ ಅಂದಿನ ದರವನ್ನು ಫಲಕದ ಮೇಲೆ ಬರೆದಿರುತ್ತಾರೆ, ಚೌಕಾಸಿ ಏನಿದ್ದರೂ ಮಜೂರಿ ಮತ್ತು ವೇಸ್ಟೇಜಿನ ಮೇಲೆ. ಹಾಟ್ ಟಬ್ಬಿನಲ್ಲಿ ಆ ಫಲಕವೂ ಇಲ್ಲ.

ಅಮೆರಿಕಕ್ಕೆ ಹೋಗಿ ನೆಲೆಸಿದ ಕನ್ನಡಿಗರಲ್ಲಿ ಹಲವರು ಕೆ.ಆರ್. ಮಾರುಕಟ್ಟೆಯಲ್ಲಿ ಸೊಪ್ಪಿನ ಕಟ್ಟಿಗೂ ಚೌಕಾಸಿ ಮಾಡಿ ಬೆಳೆದವರು. ಅಲ್ಲಿಗೆ ಹೋದ ಮೇಲೆ ಚೀಟಿಯ ಮೇಲಿನ ಬೆಲೆಯನ್ನು ಮಾತಿಲ್ಲದೆ ಕೊಡುವುದೇ ಸಭ್ಯತೆ ಎಂದು ರೂಢಿ ಮಾಡಿಕೊಳ್ಳುತ್ತಾರೆ. ದಿನಸಿ ಅಂಗಡಿಗೆ ಅದು ಸರಿಯೇ. 19ನೇ ಶತಮಾನದಲ್ಲಿ ಫಿಲಡೆಲ್ಫಿಯಾದ ಜಾನ್ ವಾನಮೇಕರ್‌ನಂಥ ವ್ಯಾಪಾರಿಗಳು ಎಲ್ಲರಿಗೂ ಒಂದೇ ಬೆಲೆ ಎಂಬ ಪದ್ಧತಿಯನ್ನು ಬೇರೂರಿಸಿದ ಮೇಲೆ ಅಲ್ಲಿನ ಅಂಗಡಿಗಳಿಂದ ಚೌಕಾಸಿ ಮಾಯವಾಯಿತು. ಆದರೆ ಕಾರು, ಮನೆ, ಹಾಸಿಗೆ, ಪಿಯಾನೊ, ಹಾಟ್ ಟಬ್ ಇವುಗಳಲ್ಲಿ ಅದು ಇನ್ನೂ ಬದುಕಿದೆ. ಇವುಗಳ ಪೈಕಿ ಕಾರಿಗೆ ಕಾನೂನಿನ ಆಸರೆ ಉಂಟು. 1958ರ ಕಾಯಿದೆಯ ಪ್ರಕಾರ ಪ್ರತಿ ಹೊಸ ಕಾರಿನ ಗಾಜಿನ ಮೇಲೆ ತಯಾರಕರು ಸೂಚಿಸಿದ ಬೆಲೆ ಮತ್ತು ಅದರ ವಿವರ ಇರುವ ಚೀಟಿಯನ್ನು ಅಂಟಿಸಲೇಬೇಕು. ಆ ಮಸೂದೆ ತಂದ ಸೆನೆಟರ್ ಮೈಕ್ ಮನ್ರೋನಿ ಅವರ ಹೆಸರಿನಿಂದಲೇ ಅದನ್ನು ಮನ್ರೋನಿ ಸ್ಟಿಕರ್ ಎಂದು ಕರೆಯುತ್ತಾರೆ. ಹಾಟ್ ಟಬ್ಬಿಗೆ ಇಂಥ ಕಾಯಿದೆ ಇಲ್ಲ.

ಭಾರತದಿಂದ ಹೋದವರು ಎಡವುವ ಇನ್ನೊಂದು ಜಾಗ ಎಂ.ಎಸ್.ಆರ್.ಪಿ. ಎಂಬ ನಾಲ್ಕು ಅಕ್ಷರ. ನೋಡಲು ನಮ್ಮ ಎಂ.ಆರ್.ಪಿ.ಯಂತೆಯೇ ಇದ್ದರೂ ಎರಡರ ಸ್ವಭಾವ ಬೇರೆ. ಭಾರತದಲ್ಲಿ ಪೊಟ್ಟಣದ ಮೇಲಿನ ಎಂ.ಆರ್.ಪಿ. ಕಾನೂನು ಹಾಕಿದ ಮೇಲ್ಮಿತಿ, ಅದನ್ನು ಮೀರಿ ಮಾರುವಂತಿಲ್ಲ. ಅಮೆರಿಕದ ಎಂ.ಎಸ್.ಆರ್.ಪಿ. ಎಂದರೆ ತಯಾರಕರು ಸುಮ್ಮನೆ ಸೂಚಿಸಿದ ಬೆಲೆ. ಡೀಲರು ಅದಕ್ಕಿಂತ ಹೆಚ್ಚಿಗೆ ಮಾರಿದರೂ ಸರಿ, ಕಡಿಮೆಗೆ ಮಾರಿದರೂ ಸರಿ. ಹೀಗಾಗಿ ‘ಎಂ.ಎಸ್.ಆರ್.ಪಿ. 16,999, ನಮ್ಮ ಬೆಲೆ 10,999’ ಎಂಬ ಫಲಕ ಆರು ಸಾವಿರದ ಲಾಭವನ್ನು ಸಾಬೀತುಪಡಿಸುವುದಿಲ್ಲ. ಯಾರೂ ಎಂದೂ ಕೊಡದ ಬೆಲೆಯನ್ನು ಹೊಡೆದುಹಾಕಿ ಪಕ್ಕದಲ್ಲಿ ಬೇರೊಂದು ಬರೆದು ರಿಯಾಯಿತಿ ಎನ್ನುವುದು ವಂಚನೆ ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ತನ್ನ ಮಾರ್ಗಸೂಚಿಯಲ್ಲಿ 1964ರಲ್ಲೇ ಹೇಳಿದೆ. ಅದರಿಂದ ಆ ಫಲಕಗಳೇನೂ ಅಳಿದುಹೋಗಿಲ್ಲ.

ಡೀಲರು ಬೆಲೆ ಮುಚ್ಚಿಡುವುದಕ್ಕೆ ಕಾರಣ ಬರೀ ಕಪಟವಲ್ಲ, ತಯಾರಕರ ಹಿಡಿತವೂ ಹೌದು. ಹೆಸರಾಂತ ಕಂಪನಿಗಳು ಸಾಮಾನ್ಯವಾಗಿ ಒಂದು ಪ್ರದೇಶವನ್ನು ಒಬ್ಬ ಡೀಲರಿಗೆ ಬಿಟ್ಟುಕೊಡುತ್ತವೆ. ಕನಿಷ್ಠ ಇಷ್ಟಕ್ಕೆ ಮಾರಬೇಕು ಎಂದು ತಯಾರಕರು ಡೀಲರಿಗೆ ಕಟ್ಟು ಹಾಕುವುದು ದೀರ್ಘಕಾಲ ಅಲ್ಲಿ ನೇರವಾಗಿಯೇ ಕಾನೂನುಬಾಹಿರವಾಗಿತ್ತು. 2007ರಲ್ಲಿ ಲೀಜಿನ್ ಎಂಬ ಚರ್ಮದ ಸರಕಿನ ಕಂಪನಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆ ಹಳೆಯ ನಿಯಮವನ್ನು ಸಡಿಲಿಸಿ, ಪ್ರತಿ ಪ್ರಕರಣವನ್ನೂ ಅದರ ಗುಣದೋಷ ನೋಡಿ ತೀರ್ಮಾನಿಸಬೇಕು ಎಂದಿತು. ಗಿರಾಕಿಯ ಮಟ್ಟಿಗೆ ಇದರ ಅರ್ಥ ಇಷ್ಟು: ಒಂದೇ ಕಂಪನಿಯ ಇಬ್ಬರು ಡೀಲರನ್ನು ಎದುರುಬದುರು ನಿಲ್ಲಿಸಿ ದರ ಇಳಿಸುವ ಆಟ ಹೆಚ್ಚು ದೂರ ಸಾಗುವುದಿಲ್ಲ. ಬೇರೆ ಬೇರೆ ಕಂಪನಿಗಳ, ಸಮಾನ ದರ್ಜೆಯ ಎರಡು-ಮೂರು ಟಬ್ಬುಗಳನ್ನು ಎದುರುಬದುರು ಇಟ್ಟರೆ ಮಾತ್ರ ಪೈಪೋಟಿ ಹುಟ್ಟುತ್ತದೆ. ಆದರೆ ಸಮಾನ ದರ್ಜೆ ಯಾವುದು ಎಂದು ಗುರುತಿಸುವುದಕ್ಕೆ ಸರಕಿನ ಪರಿಚಯ ಬೇಕು. ಒಳ್ಳೆಯ ಚೌಕಾಸಿಯ ಮುಕ್ಕಾಲು ಪಾಲು ಕೆಲಸ ಅಂಗಡಿಗೆ ಹೋಗುವ ಮೊದಲೇ ನಡೆಯುವುದು ಇದೇ ಕಾರಣಕ್ಕೆ.

ಮೊದಲು ಹೆಸರಿನ ಬೆಲೆ. ಜಕುಝಿ ಎಂಬುದು ಒಂದು ಕುಟುಂಬದ ಹೆಸರು. ಇಟಲಿಯಿಂದ ಕ್ಯಾಲಿಫೋರ್ನಿಯಾಕ್ಕೆ ವಲಸೆ ಬಂದ ಏಳು ಮಂದಿ ಅಣ್ಣತಮ್ಮಂದಿರು ಮೊದಲು ವಿಮಾನದ ಪ್ರೊಪೆಲ್ಲರ್ ಮಾಡಿದರು, 1921ರಲ್ಲಿ ಅವರ ವಿಮಾನ ಅಪಘಾತಕ್ಕೀಡಾದ ಮೇಲೆ ಕೃಷಿ ಪಂಪಿನ ತಯಾರಿಕೆಗೆ ಇಳಿದರು. ಅವರಲ್ಲಿ ಕಿರಿಯ ಕ್ಯಾಂಡಿಡೊ, ಸಂಧಿವಾತದಿಂದ ನರಳುತ್ತಿದ್ದ ತನ್ನ ಮಗನ ಜಲಚಿಕಿತ್ಸೆಗಾಗಿ ಮನೆಯ ಸ್ನಾನದ ತೊಟ್ಟಿಯಲ್ಲೇ ಇಳಿಬಿಡಬಹುದಾದ ಪಂಪು ರೂಪಿಸಿದ. 1968ರಲ್ಲಿ ಅದೇ ಮನೆತನದ ರಾಯ್ ಜಕುಝಿ ತೊಟ್ಟಿಯ ಗೋಡೆಯೊಳಗೇ ಜೆಟ್ಟುಗಳನ್ನು ಸೇರಿಸಿದ. ಇಂದು ಜನ ಯಾವ ಕಂಪನಿಯ ಟಬ್ಬಿಗೂ ಜಕುಝಿ ಎನ್ನುತ್ತಾರೆ, ವನಸ್ಪತಿಗೆಲ್ಲ ಡಾಲ್ಡಾ ಎಂದ ಹಾಗೆ. ಮಾರಾಟದ ಮಟ್ಟಿಗೆ ಮಾತ್ರ ಅದು ಒಂದು ಕಂಪನಿಯ ನೋಂದಾಯಿತ ಗುರುತು. ಹಳೆಯ ಹೆಸರಿಗೆ ಕೊಡುವ ಹೆಚ್ಚುವರಿ ಹಣ ವ್ಯರ್ಥವೇನಲ್ಲ. ಹತ್ತು ವರ್ಷದ ಮೇಲೂ ಬಿಡಿಭಾಗ ಸಿಗುವ ಸಂಭವ ಅಂಥ ಕಡೆಯೇ ಹೆಚ್ಚು. ಆ ಹೆಚ್ಚುವರಿ ಎಷ್ಟು ಎಂಬುದು ಗೊತ್ತಿದ್ದರೆ ಸಾಕು.

ಎರಡನೆಯದು ಎಣಿಕೆಗಳ ಮೋಸ. ಮಾರುವವರು ಜೆಟ್ಟುಗಳ ಸಂಖ್ಯೆಯನ್ನು ಮುಂದಿಡುತ್ತಾರೆ: ಇದರಲ್ಲಿ 40, ಅದರಲ್ಲಿ 70. ಪಂಪು ತಳ್ಳುವ ನೀರು ಅಷ್ಟೇ ಇರುವಾಗ ತೂತು ಹೆಚ್ಚಿದಷ್ಟೂ ಒಂದೊಂದರ ರಭಸ ಕಡಿಮೆ. ಪಂಪಿನ ಕುದುರೆಶಕ್ತಿಯ ಲೆಕ್ಕ ಇದಕ್ಕಿಂತ ತಮಾಷೆಯದು. ಕೆಲವು ಜಾಹೀರಾತುಗಳು ಒಂದೇ ಪಂಪಿಗೆ 6 ಎಚ್‌ಪಿ, 7 ಎಚ್‌ಪಿ ಎನ್ನುತ್ತವೆ. ತೋಟದ ಕೊಳವೆಬಾವಿಗೆ 5 ಎಚ್‌ಪಿ ಮೋಟಾರು ಇಳಿಸಿದ ತುಮಕೂರು, ಕೋಲಾರದ ಕಡೆಯ ರೈತರಿಗೆ ಇದನ್ನು ಕೇಳಿದರೆ ನಗು ಬಂದೀತು. ಪಂಪಿನ ತಗಡಿನ ಪಟ್ಟಿಯ ಮೇಲೆ ಎಷ್ಟು ವೋಲ್ಟು, ಎಷ್ಟು ಆಂಪಿಯರ್ ಎಂದು ಬರೆದಿರುತ್ತದೆ. 240 ವೋಲ್ಟಿನಲ್ಲಿ 12 ಆಂಪಿಯರ್ ಎಳೆಯುವ ಪಂಪಿಗೆ ಒಳಹೋಗುವ ವಿದ್ಯುತ್ತೇ 2,880 ವ್ಯಾಟ್. ಒಂದು ಎಚ್‌ಪಿ ಎಂದರೆ 746 ವ್ಯಾಟ್. ಸೋರಿಕೆ ಏನನ್ನೂ ಕಳೆಯದಿದ್ದರೂ 4 ಎಚ್‌ಪಿ ಆಗುವುದಿಲ್ಲ. 7 ಎಂದು ಬರೆದದ್ದು ಮೋಟಾರು ಹೊರಡುವ ಕ್ಷಣದ ಏರಿಕೆಯನ್ನು ಹಿಡಿದು ಹೇಳಿದ ಲೆಕ್ಕ. ಮೇಜಿನ ಎದುರು ಕೂತು ಆಂಪಿಯರ್ ಎಷ್ಟು ಎಂದು ಕೇಳಿದ ಗಿರಾಕಿಯ ಜೊತೆ ಮಾರಾಟಗಾರ ಆಮೇಲೆ ಮಾತಾಡುವ ಧಾಟಿಯೇ ಬೇರೆ. ಲೆಕ್ಕ ಬೇಡವೆನ್ನುವವರಿಗೆ ಇನ್ನೊಂದು ದಾರಿ ಇದೆ: ಅನೇಕ ಅಂಗಡಿಗಳಲ್ಲಿ ನೀರು ತುಂಬಿದ ಟಬ್ಬೊಂದು ಇರುತ್ತದೆ, ಈಜುಡುಗೆ ಒಯ್ದು ಇಪ್ಪತ್ತು ನಿಮಿಷ ಕೂತು ನೋಡಬಹುದು. ಬೆನ್ನಿಗೆ ಗೊತ್ತಾಗುವುದು ಪಟ್ಟಿಯಿಂದ ಗೊತ್ತಾಗುವುದಿಲ್ಲ.

ಮೂರನೆಯದು ನಡೆಸುವ ಖರ್ಚು, ನ್ಯಾಯವಾದ ಬೆಲೆಯ ಬಹುದೊಡ್ಡ ಭಾಗ ಅಡಗಿರುವುದೇ ಇಲ್ಲಿ. ಸುಮಾರು 400 ಗ್ಯಾಲನ್, ಅಂದರೆ 1,500 ಲೀಟರಿನ ಟಬ್ಬಿಗೆ 15 ಡಿಗ್ರಿಯ ನಲ್ಲಿನೀರು ತುಂಬಿ 39ಕ್ಕೆ ಏರಿಸಲು ಹೆಚ್ಚುಕಡಿಮೆ 42 ಯೂನಿಟ್ ವಿದ್ಯುತ್ ಬೇಕು. 5.5 ಕಿಲೋವ್ಯಾಟಿನ ಹೀಟರು ಅದನ್ನು ಎಂಟು ಗಂಟೆಯೊಳಗೆ ಮಾಡುತ್ತದೆ. ಗೋಡೆ ಪ್ಲಗ್ಗಿನ ಒಂದೂವರೆ ಕಿಲೋವ್ಯಾಟಿನದಕ್ಕೆ ಒಂದು ಹಗಲು ಒಂದು ರಾತ್ರಿ ದಾಟಿಯೂ ಸಾಲದು. ಆದರೆ ಬಿಲ್ಲು ಏರುವುದು ಕಾಯಿಸುವುದರಿಂದ ಅಲ್ಲ, ಕಾದ ನೀರನ್ನು ವರ್ಷಪೂರ್ತಿ ಕಾದೇ ಇಡುವುದರಿಂದ. ಮುಚ್ಚಳ ಮುಚ್ಚಿ ಸುಮ್ಮನೆ ಇಟ್ಟಾಗ ಟಬ್ಬು ಎಳೆಯಬಹುದಾದ ವಿದ್ಯುತ್ತಿಗೆ ಕ್ಯಾಲಿಫೋರ್ನಿಯಾ ರಾಜ್ಯ ಮಿತಿ ಹಾಕಿದೆ. ಆ ಸೂತ್ರದ ಪ್ರಕಾರ 400 ಗ್ಯಾಲನ್ನಿನ ಟಬ್ಬಿಗೆ ಮಿತಿ ಸುಮಾರು 244 ವ್ಯಾಟ್, ಅಂದರೆ ವರ್ಷಕ್ಕೆ 2,137 ಯೂನಿಟ್. ಅಲ್ಲಿ ಮಾರುವ ಮಾದರಿಗಳ ಪರೀಕ್ಷೆಯ ಅಂಕಿಯನ್ನು ರಾಜ್ಯದ ಇಂಧನ ಆಯೋಗ ಸಾರ್ವಜನಿಕ ಪಟ್ಟಿಯಲ್ಲಿ ಪ್ರಕಟಿಸುತ್ತದೆ, ಬೇರೆ ರಾಜ್ಯದವರೂ ನೋಡಬಹುದು. ಒಂದು ಟಬ್ಬು ಮಿತಿಯ ಅಂಚಿನಲ್ಲಿದ್ದು ಇನ್ನೊಂದು 160 ವ್ಯಾಟಿನಲ್ಲೇ ನಿಭಾಯಿಸಿದರೆ, ಯೂನಿಟ್ಟಿಗೆ 35 ಸೆಂಟ್ ತೆರುವ ಊರಿನಲ್ಲಿ ಎರಡರ ನಡುವಿನ ಅಂತರ ವರ್ಷಕ್ಕೆ 250 ಡಾಲರ್ ದಾಟುತ್ತದೆ. ಹತ್ತು ವರ್ಷಕ್ಕೆ ಎರಡೂವರೆ ಸಾವಿರ. ಮೊದಲನೆಯದನ್ನು ಸಾವಿರ ಡಾಲರ್ ಕಡಿಮೆಗೆ ಕೊಡುತ್ತೇನೆ ಎಂದರೆ ಅದು ರಿಯಾಯಿತಿಯೇ ಅಲ್ಲ. ವಿದ್ಯುತ್ ಅಗ್ಗವಾಗಿರುವ ವಾಷಿಂಗ್ಟನ್ ರಾಜ್ಯದಲ್ಲಿ ಇದೇ ಲೆಕ್ಕ ತಿರುಗುಮುರುಗಾಗಬಹುದು.

ನಾಲ್ಕನೆಯದು ಜಾಗ. ಟಬ್ಬನ್ನು ಇಳಿಸುವುದಕ್ಕೆ ಸಮತಟ್ಟಾದ, ಭಾರ ತಾಳುವ ನೆಲ ಬೇಕು. 1,500 ಲೀಟರ್ ನೀರು ಅಷ್ಟೇ ಕಿಲೋ ತೂಗುತ್ತದೆ. ಖಾಲಿ ಟಬ್ಬಿನ ತೂಕ, ಐವರು ಕೂತವರ ತೂಕ ಸೇರಿಸಿದರೆ 2,200 ಕಿಲೋ ಸಮೀಪಿಸುತ್ತದೆ. ಇದು ಹರಡುವುದು ಏಳಡಿ ಚೌಕದ ಮೇಲೆ, ಪ್ರತಿ ಚದರ ಅಡಿಗೆ ಹತ್ತಿರಹತ್ತಿರ 100 ಪೌಂಡ್. ಅಮೆರಿಕದ ಮನೆಗಳ ಮರದ ಜಗಲಿಯನ್ನು ಸಾಮಾನ್ಯವಾಗಿ 40 ಪೌಂಡಿಗೆ ಲೆಕ್ಕ ಹಾಕಿ ಕಟ್ಟಿರುತ್ತಾರೆ. ಆದ್ದರಿಂದ ನಾಲ್ಕಂಗುಲದ ಕಾಂಕ್ರೀಟ್ ಹಾಸು ಬೇಕಾಗುತ್ತದೆ. 240 ವೋಲ್ಟಿನ ಟಬ್ಬಿಗೆ ಬಹುತೇಕ 50 ಆಂಪಿಯರಿನ ಪ್ರತ್ಯೇಕ ತಂತಿ, ವಿದ್ಯುತ್ ಸೋರಿಕೆ ಕಂಡರೆ ತಕ್ಷಣ ಕಡಿಯುವ ಬ್ರೇಕರು, ನೀರಿನಿಂದ ಕನಿಷ್ಠ ಐದಡಿ ದೂರದಲ್ಲಿ ಕಣ್ಣಿಗೆ ಕಾಣುವಂತೆ ಒಂದು ಕೈಸ್ವಿಚ್ಚು ಇರಲೇಬೇಕು. ಮೀಟರಿನಿಂದ ಹಿತ್ತಲು ದೂರವಾದಷ್ಟೂ ತಾಮ್ರದ ಖರ್ಚು ಏರುತ್ತದೆ. ಇದ್ಯಾವುದೂ ಡೀಲರು ಹೇಳುವ ಬೆಲೆಯಲ್ಲಿ ಸೇರಿರುವುದಿಲ್ಲ.

ಅಂಗಡಿಯ ಮಾತು ಶುರುವಾಗುವುದು ಇಷ್ಟು ಗೊತ್ತಿದ್ದ ಮೇಲೆ. ಅಲ್ಲಿ ಕೇಳಬೇಕಾದದ್ದು ಟಬ್ಬಿನ ಬೆಲೆಯನ್ನಲ್ಲ. ಅಮೆರಿಕದ ಕಾರು ವ್ಯಾಪಾರದಲ್ಲಿ ‘ಔಟ್ ದ ಡೋರ್’ ಬೆಲೆ ಎಂಬ ಮಾತಿದೆ: ತೆರಿಗೆ, ಸಾಗಣೆ, ಬಿಡಿಸಾಮಾನು ಎಲ್ಲ ಸೇರಿ ಕೊನೆಗೆ ಕೈಯಿಂದ ಹೋಗುವ ಮೊತ್ತ. ಹಾಟ್ ಟಬ್ಬಿಗೂ ಅದೇ ಸಲ್ಲುತ್ತದೆ. ಒಂದು ಕಲ್ಪಿತ ಲೆಕ್ಕ ನೋಡಬಹುದು. ಟಬ್ಬು 9,500 ಡಾಲರ್. ಮುಚ್ಚಳ ಎತ್ತುವ ಸಲಕರಣೆ 350, ಮೆಟ್ಟಿಲು 200, ಸಾಗಣೆ 500, ಆರಂಭದ ರಾಸಾಯನಿಕಗಳು 150. ಒಟ್ಟು 10,700. ಎಲ್ಲಕ್ಕೂ ಶೇಕಡ 9.25ರ ಮಾರಾಟ ತೆರಿಗೆ ಬಿದ್ದರೆ 11,690. ಎಲೆಕ್ಟ್ರಿಷಿಯನ್‌ಗೆ 1,800, ಕಾಂಕ್ರೀಟಿಗೆ 1,500. ಅಲ್ಲಿಗೆ 14,990. ಒಂಬತ್ತೂವರೆ ಸಾವಿರದ ವಸ್ತು ಹದಿನೈದು ಸಾವಿರಕ್ಕೆ ಬಂದು ನಿಂತಿತು. ತೆರಿಗೆಯಂತೂ ರಾಜ್ಯದಿಂದ ರಾಜ್ಯಕ್ಕೆ ಬೇರೆ: ಕ್ಯಾಲಿಫೋರ್ನಿಯಾದಲ್ಲಿ ತಳಮಟ್ಟವೇ ಶೇಕಡ 7.25, ಒರೆಗಾನ್‌ನಲ್ಲಿ ಸೊನ್ನೆ. ಇಬ್ಬರು ಡೀಲರುಗಳಿಂದ ಈ ಬಗೆಯ ಪಟ್ಟಿಯನ್ನು ಸಾಲುಸಾಲಾಗಿ, ಲಿಖಿತವಾಗಿ, ಮಾದರಿಯ ಹೆಸರು ಮತ್ತು ವರ್ಷದ ಸಮೇತ ಪಡೆದಾಗ ಮಾತ್ರ ಹೋಲಿಕೆ ಸಾಧ್ಯ. ಕೆಲವರು ಬರೆದುಕೊಡಲು ಹಿಂಜರಿಯುತ್ತಾರೆ. ಬರೆದುಕೊಡದ ಬೆಲೆಯನ್ನು ಬೆಲೆಯೆಂದು ಎಣಿಸದಿರುವುದೇ ಸರಿ.

ಹೋಲಿಕೆಗೆ ಇನ್ನೊಂದು ಅಳತೆಗೋಲು ಕಾಸ್ಟ್‌ಕೊದಂಥ ದೊಡ್ಡ ಮಳಿಗೆಗಳ ಬೆಲೆ. ಅಲ್ಲಿ ಚೌಕಾಸಿಗೆ ಜಾಗವಿಲ್ಲ, ಬೆಲೆ ಬಹಿರಂಗ. ಆದರೆ ಇಂಥ ಮಾರಾಟಗಳಲ್ಲಿ ಸಾಗಣೆ ಹಲವು ಸಲ ‘ಕರ್ಬ್‌ಸೈಡ್’ ಆಗಿರುತ್ತದೆ, ಲಾರಿಯವನು ಮನೆ ಮುಂದಿನ ರಸ್ತೆಯಂಚಿಗೆ ಇಳಿಸಿ ಹೊರಟುಬಿಡುತ್ತಾನೆ. 350 ಕಿಲೋದ ತೊಟ್ಟಿಯನ್ನು ಅಲ್ಲಿಂದ ಹಿತ್ತಲಿಗೆ ಸಾಗಿಸುವುದು ಕೊಂಡವರ ಹಣೆಬರಹ. ಪಕ್ಕದ ಓಣಿ ಕಿರಿದಾಗಿದ್ದರೆ ಕ್ರೇನು ತರಿಸಿ ಮನೆಯ ಮಾಡಿನ ಮೇಲಿಂದ ದಾಟಿಸಬೇಕು. ಡೀಲರು ಹೇಳುವ ಹೆಚ್ಚಿನ ಬೆಲೆಯಲ್ಲಿ ಈ ಕೆಲಸವೂ ಮುಂದಿನ ರಿಪೇರಿಯೂ ಸೇರಿವೆಯೇ ಎಂದು ನೋಡಿ ಹೋಲಿಸಬೇಕು.

ಅಂಕಿಯ ಚೌಕಾಸಿಯಲ್ಲಿ ಒಂದು ಹಂತದ ನಂತರ ಡೀಲರು ಬಗ್ಗುವುದಿಲ್ಲ. ಅಂಗಡಿ ಬಾಡಿಗೆ, ಮಾರಾಟಗಾರನ ಕಮಿಷನ್ನು, ಸಾಗಣೆಯ ಆಳುಗಳು ಎಲ್ಲವೂ ಅವನ ಲಾಭಾಂಶದಿಂದಲೇ ನಡೆಯಬೇಕು. ಅದನ್ನು ಪೂರ್ತಿ ಕಿತ್ತುಕೊಂಡ ಗಿರಾಕಿಯ ಮನೆಗೆ ಹಿಮ ಬೀಳುವ ಜನವರಿಯಲ್ಲಿ ರಿಪೇರಿಯವನು ಓಡಿ ಬರಲಾರ. ಇಲ್ಲಿ ನಮ್ಮ ಸಂತೆಯ ಹಳೆಯ ಉಪಾಯವೇ ಕೆಲಸಕ್ಕೆ ಬರುತ್ತದೆ. ಸೇರಿಗೆ ದರ ಇಳಿಸದ ವ್ಯಾಪಾರಿಯೂ ಅಳೆದ ಮೇಲೆ ಒಂದು ಹಿಡಿ ಕೊಸರು ಹಾಕುತ್ತಾನೆ. ಡೀಲರಿಗೆ 500 ಡಾಲರ್ ಇಳಿಸುವುದೆಂದರೆ 500 ಡಾಲರ್ ನಷ್ಟ. ಅದೇ 500 ಡಾಲರಿನ ಚಿಲ್ಲರೆ ಬೆಲೆಯ ಮೆಟ್ಟಿಲು, ಮುಚ್ಚಳದ ಸಲಕರಣೆ, ವರ್ಷಕ್ಕಾಗುವ ಫಿಲ್ಟರು-ರಾಸಾಯನಿಕ ಕೊಟ್ಟರೆ ಅವನ ಕೈಯಿಂದ ಹೋಗುವುದು ಸಗಟು ಬೆಲೆ ಮಾತ್ರ. ಕೊಸರಿನಲ್ಲಿ ಕೇಳಬೇಕಾದ್ದರಲ್ಲಿ ಮೊದಲನೆಯದು ಮುಚ್ಚಳ. ಮಾಮೂಲಿ ಮುಚ್ಚಳದ ಬದಲು ಇನ್ನೂ ದಪ್ಪನೆಯ, ಸಾಂದ್ರ ಫೋಮಿನದು ಸಿಕ್ಕಿದರೆ ಪ್ರತಿ ತಿಂಗಳ ಬಿಲ್ಲಿನಲ್ಲೂ ಉಳಿತಾಯ. ಫೋಮು ನೀರು ಕುಡಿದು ಭಾರವಾಗಿ ಕೆಲವೇ ವರ್ಷಗಳಲ್ಲಿ ಹೊಸದು ಕೊಳ್ಳಬೇಕಾಗುವ ಭಾಗವೂ ಅದೇ. ಎಲ್.ಇ.ಡಿ. ದೀಪ, ಬ್ಲೂಟೂತ್ ಸ್ಪೀಕರುಗಳನ್ನು ಡೀಲರು ತಾನಾಗಿಯೇ ಮುಂದಿಡುತ್ತಾನೆ. ಅವು ಅಷ್ಟೇನೂ ಬಾಳುವುದಿಲ್ಲ.

ಕಾಲವೂ ಬೆಲೆಯನ್ನು ಕುಣಿಸುತ್ತದೆ. ಹೊಸ ವರ್ಷದ ಮಾದರಿಗಳು ಬರುವ ಮೊದಲು ಹಳೆಯ ವರ್ಷದವು, ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟು ನೀರು ತುಂಬಿಸಿದವು, ಬಣ್ಣ ಇಷ್ಟವಾಗದೆ ಉಳಿದವು ಕಡಿಮೆಗೆ ಹೋಗುತ್ತವೆ. ತಿಂಗಳ ಕೊನೆಯ ವಾರ ಗುರಿ ಮುಟ್ಟದ ಮಾರಾಟಗಾರ ಮೆತ್ತಗಿರುತ್ತಾನೆ. ದೊಡ್ಡ ಸಭಾಂಗಣಗಳಲ್ಲಿ, ರಾಜ್ಯ ಮೇಳಗಳಲ್ಲಿ ನಡೆಯುವ ಮಾರಾಟ ಬೇರೆಯದೇ ಲೋಕ. ‘ಈ ಬೆಲೆ ಇವತ್ತಿಗೆ ಮಾತ್ರ’ ಎಂಬ ಮಾತು ಅಲ್ಲಿ ಕಿವಿ ತುಂಬುತ್ತದೆ. ಕಡಲೆಕಾಯಿ ಪರಿಷೆಯ ಕೊನೆಯ ಸಂಜೆ ರಾಶಿಯನ್ನು ಮತ್ತೆ ಗಾಡಿಗೇರಿಸುವ ಬದಲು ಸಿಕ್ಕಿದ ಬೆಲೆಗೆ ಕೊಟ್ಟು ಹೋಗುವ ರೈತನಂತೆ, ಮೇಳದ ಕೊನೆಯ ದಿನ ಮಧ್ಯಾಹ್ನ ತೊಟ್ಟಿಗಳನ್ನು ಲಾರಿಗೇರಿಸುವ ಖರ್ಚು ವ್ಯಾಪಾರಿಯ ತಲೆಯಲ್ಲಿ ಓಡುತ್ತಿರುತ್ತದೆ. ಒಳ್ಳೆಯ ಬೆಲೆ ಅಲ್ಲಿ ಸಿಗುವುದುಂಟು. ಆದರೆ ಮೇಳ ಮುಗಿದ ಮೇಲೆ ಅವನ ಅಂಗಡಿ ಎಲ್ಲಿ ಎಂದು ಮೊದಲೇ ಕೇಳಿಟ್ಟುಕೊಳ್ಳಬೇಕು.

ಅವಸರದ ಮಾತು ಅತಿ ಜೋರಾಗಿರುವ ಈ ಜಾಗಕ್ಕೇ ಕಾನೂನು ಹೆಚ್ಚು ರಕ್ಷಣೆ ಕೊಟ್ಟಿದೆ. ಫೆಡರಲ್ ಟ್ರೇಡ್ ಕಮಿಷನ್ನಿನ ‘ಕೂಲಿಂಗ್ ಆಫ್’ ನಿಯಮದ ಪ್ರಕಾರ ಮಾರುವವರ ಕಾಯಂ ಅಂಗಡಿಯಲ್ಲದ ತಾತ್ಕಾಲಿಕ ಜಾಗದಲ್ಲಿ 130 ಡಾಲರ್ ಅಥವಾ ಅದಕ್ಕೂ ಹೆಚ್ಚಿನ ಖರೀದಿಯನ್ನು, ಗಿರಾಕಿಯ ಮನೆಯಲ್ಲೇ ನಡೆದ 25 ಡಾಲರ್ ಅಥವಾ ಅದಕ್ಕೂ ಹೆಚ್ಚಿನ ಖರೀದಿಯನ್ನು, ಮೂರನೆಯ ವ್ಯವಹಾರದ ದಿನದ ಮಧ್ಯರಾತ್ರಿಯೊಳಗೆ ಕಾರಣ ಹೇಳದೆ ರದ್ದು ಮಾಡಬಹುದು. ಶನಿವಾರವನ್ನು ವ್ಯವಹಾರದ ದಿನವೆಂದೇ ಎಣಿಸುತ್ತಾರೆ, ಭಾನುವಾರವನ್ನು ಇಲ್ಲ. ರದ್ದತಿಯ ನಮೂನೆಯ ಎರಡು ಪ್ರತಿಯನ್ನು ಮಾರುವವರೇ ಕೊಡಬೇಕು. ಡೀಲರಿನ ಕಾಯಂ ಅಂಗಡಿಗೆ ಹೋಗಿ ಸಹಿ ಹಾಕಿದವರಿಗೆ ಈ ನಿಯಮ ಅನ್ವಯಿಸುವುದಿಲ್ಲ. ಪೂರ್ತಿ ಆನ್‌ಲೈನಿನಲ್ಲಿ ಕೊಂಡವರಿಗೂ ಇಲ್ಲ.

ಕಂತಿನ ಮಾತು ಬಂದಾಗ ಮೊತ್ತ ಕಣ್ಮರೆಯಾಗುವ ಅಪಾಯವಿದೆ. ತಿಂಗಳಿಗೆ ಎಷ್ಟು ಕೊಡಬಲ್ಲಿರಿ ಎಂಬ ಪ್ರಶ್ನೆಗೆ ಉತ್ತರಿಸಿದ ಕ್ಷಣ ಚೌಕಾಸಿ ಕೈತಪ್ಪುತ್ತದೆ. ಕಂತಿನ ಸಂಖ್ಯೆ ಹೆಚ್ಚಿಸಿ ಯಾವ ಬೆಲೆಯನ್ನಾದರೂ ಆ ಮೊತ್ತದೊಳಗೆ ಕೂರಿಸಬಹುದು. ‘12 ತಿಂಗಳು ಬಡ್ಡಿ ಇಲ್ಲ’ ಎಂಬ ಕೊಡುಗೆಗಳಲ್ಲಿ ಕೆಲವು ಮುಂದೂಡಿದ ಬಡ್ಡಿಯವು. ಹನ್ನೆರಡನೆಯ ತಿಂಗಳ ಕೊನೆಗೆ ಹತ್ತು ಡಾಲರ್ ಬಾಕಿ ಉಳಿದರೂ ಮೊದಲ ದಿನದಿಂದ ಲೆಕ್ಕ ಹಾಕಿದ ಬಡ್ಡಿ ಒಮ್ಮೆಲೇ ಮೇಲೆ ಬೀಳುತ್ತದೆ. ಜೊತೆಗೆ ಈ ಬಡ್ಡಿರಹಿತ ಸಾಲಕ್ಕಾಗಿ ಡೀಲರು ಸಾಲದ ಕಂಪನಿಗೆ ಶುಲ್ಕ ತೆರುತ್ತಾನೆ, ಕಾರ್ಡು ಉಜ್ಜಿದರೂ ಬ್ಯಾಂಕಿಗೆ ಶೇಕಡ ಎರಡು-ಮೂರು ಹೋಗುತ್ತದೆ. ಹಾಗಾಗಿ ಮೊದಲು ಪೂರ್ತಿ ಬೆಲೆಯನ್ನು ನಿಗದಿ ಮಾಡಿಕೊಂಡು, ಆಮೇಲೆ ಚೆಕ್ಕಿನಲ್ಲಿ ಕೊಟ್ಟರೆ ಎಷ್ಟು ಇಳಿಸುವಿರಿ ಎಂದು ಕೇಳುವುದು ಸರಿಯಾದ ಕ್ರಮ. ಮುಂಗಡವನ್ನು ಮಾತ್ರ ಕ್ರೆಡಿಟ್ ಕಾರ್ಡಿನಲ್ಲಿ ಕೊಡುವುದು ಜಾಣತನ. ಸರಕು ಬರದೇ ಹೋದರೆ ಆ ಹಣವನ್ನು ತಕರಾರು ಮಾಡಿ ತಡೆಯುವ ಹಕ್ಕನ್ನು 1974ರ ಕಾಯಿದೆ ಕೊಟ್ಟಿದೆ.

ವಾರಂಟಿಯನ್ನು ವರ್ಷದ ಲೆಕ್ಕದಲ್ಲಿ ಓದಬಾರದು. ‘10 ವರ್ಷ’ ಎಂಬುದು ಅನೇಕ ಸಲ ಒಡಲಿನ ಗಟ್ಟಿತನಕ್ಕೆ ಮಾತ್ರ. ಪಂಪು, ಹೀಟರು, ನಿಯಂತ್ರಣದ ಬೋರ್ಡಿಗೆ ಅದಕ್ಕಿಂತ ಬಹಳ ಕಡಿಮೆ, ಮುಚ್ಚಳಕ್ಕೆ ಇನ್ನೂ ಕಡಿಮೆ. ಕೆಡುವುದು ಮಾತ್ರ ಸಾಮಾನ್ಯವಾಗಿ ಪಂಪು-ಬೋರ್ಡುಗಳೇ. ಕೂಲಿ ಸೇರಿದೆಯೇ, ರಿಪೇರಿಯವನ ಪ್ರಯಾಣದ ವೆಚ್ಚ ಯಾರದು, ಡೀಲರು ಅಂಗಡಿ ಮುಚ್ಚಿದರೆ ಬರುವವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಪುಸ್ತಿಕೆಯಲ್ಲಿ ಇರಬೇಕು. 1975ರ ಮ್ಯಾಗ್ನಸನ್-ಮಾಸ್ ಕಾಯಿದೆಯಡಿ ಲಿಖಿತ ವಾರಂಟಿಯನ್ನು ಖರೀದಿಗೆ ಮೊದಲೇ ಗಿರಾಕಿ ಓದಲು ಒದಗಿಸಬೇಕು. ಕೊಂಡ ಮೇಲೆ ಪೆಟ್ಟಿಗೆಯಲ್ಲಿ ಸಿಗುತ್ತದೆ ಎನ್ನುವ ಅಂಗಡಿಯಿಂದ ಎದ್ದು ಬರಲು ಅಷ್ಟೇ ಕಾರಣ ಸಾಕು.

ಬಳಸಿದ ಟಬ್ಬುಗಳ ಮಾರುಕಟ್ಟೆಯೂ ದೊಡ್ಡದಿದೆ. ಮನೆ ಮಾರುವವರು, ಮಕ್ಕಳು ಬೆಳೆದು ಹೊರಟ ಮನೆಯವರು ‘ಪುಕ್ಕಟೆ, ಒಯ್ದರೆ ಸಾಕು’ ಎಂದು ಜಾಹೀರಾತು ಕೊಡುತ್ತಾರೆ. ಮೂಗಿಗಿಂತ ಮೂಗುತಿ ಭಾರ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗದು: ಸಾಗಣೆ, ಹೊಸ ಮುಚ್ಚಳ, ತಂತಿ, ಕಾಂಕ್ರೀಟ್, ಬೇಕಾದರೆ ಒಂದು ಪಂಪು. ನೋಡಲು ಹೋಗುವ ಹಿಂದಿನ ದಿನವೇ ನೀರು ತುಂಬಿಸಿ ಕಾಯಿಸಿಡಲು ಹೇಳಬೇಕು. ಬಿಸಿಯಾಗಿ ಓಡುತ್ತಿರುವ ಟಬ್ಬು ಅರ್ಧ ಸತ್ಯವನ್ನು ತಾನೇ ಹೇಳುತ್ತದೆ. ಉಳಿದರ್ಧಕ್ಕೆ ಪಕ್ಕದ ಹಲಗೆ ಬಿಚ್ಚಿಸಿ ತೇವ, ಇಲಿಗೂಡು, ತುಕ್ಕು ನೋಡಬೇಕು. ಚಳಿಗಾಲದಲ್ಲಿ ಖಾಲಿ ಬಿದ್ದಿದ್ದ ಟಬ್ಬಿನ ಕೊಳವೆಗಳಲ್ಲಿ ಉಳಿದ ನೀರು ಹೆಪ್ಪುಗಟ್ಟಿ ಬಿರುಕು ಬಿಟ್ಟಿರುವ ಸಂಭವವಿದೆ, ಆ ಬಿರುಕು ನೀರು ತುಂಬುವ ತನಕ ಕಾಣುವುದಿಲ್ಲ. ಕ್ರಮಸಂಖ್ಯೆಯ ಚೀಟಿಯಿಂದ ತಯಾರಾದ ವರ್ಷ ತಿಳಿದುಕೊಂಡು, ಆ ಮಾದರಿಗೆ ಬೋರ್ಡು ಇನ್ನೂ ಸಿಗುತ್ತದೆಯೇ ಎಂದು ವಿಚಾರಿಸಿದ ಮೇಲೆ ಬೆಲೆಯ ಮಾತು.

ಹೊಸ ಟಬ್ಬಿನ ಚೌಕಾಸಿ ಮುಗಿಯುವುದು ಲಾರಿ ಬಂದ ದಿನ. ಬಾಕಿ ಹಣದ ಒಂದು ಪಾಲನ್ನು ಟಬ್ಬು ತುಂಬಿ, ಕಾದು, ಎಲ್ಲ ಜೆಟ್ಟೂ ಓಡಿದ ಮೇಲೆ ಕೊಡುವುದೆಂದು ಕರಾರಿನಲ್ಲಿ ಬರೆಸಿಕೊಂಡವರಿಗೆ ಆ ದಿನ ಸ್ವಲ್ಪ ಹಿಡಿತವಿರುತ್ತದೆ. ಸಾಗಣೆಯವನ ಚೀಟಿಗೆ ಸಹಿ ಹಾಕುವ ಮೊದಲು ಸುತ್ತಿದ ಪ್ಲಾಸ್ಟಿಕ್ ಬಿಚ್ಚಿ, ಮೂಲೆಗಳಲ್ಲಿ ಒಡಕಿದೆಯೇ ನೋಡಿ, ಮಾದರಿ, ವರ್ಷ, ಬಣ್ಣ, ಕ್ರಮಸಂಖ್ಯೆಗಳನ್ನು ಕರಾರಿನ ಜೊತೆ ತಾಳೆ ಹಾಕಬೇಕು. ಗೀರು ಕಂಡರೆ ಅದನ್ನು ಆ ಚೀಟಿಯ ಮೇಲೆಯೇ ಬರೆದು, ಅದರ ಕೆಳಗೆ ಸಹಿ.